ಕೋಲಿ ನಾಯಿಗೆ ಐವರ್‌ಮೆಕ್ಟಿನ್ ಏಕೆ ವಿಷ?

ನಾಯಿಗಳ ಕಜ್ಜಿಗೆ ಪಶುವೈದ್ಯರು ನೀಡುವ ಔಷಧಿಗಳಲ್ಲಿ ಐವರ್‌ಮೆಕ್ಟಿನ್ ಒಂದು. ಹೆಚ್ಚಿನ ನಾಯಿಗಳು ತಾಳಿಕೊಳ್ಳುವ ಪ್ರಮಾಣವೇ ಕೋಲಿ ತಳಿಯ ಹಲವು ನಾಯಿಗಳಲ್ಲಿ ತೂರಾಟ, ಜೊಲ್ಲು ಸುರಿಕೆ, ಕುರುಡುತನ, ಪ್ರಜ್ಞಾಹೀನತೆ, ಕೆಲವೊಮ್ಮೆ ಸಾವನ್ನೂ ತರುತ್ತದೆ. ಕಾರಣವೇನು?

ಮಿದುಳಿನ ಲೋಮನಾಳಗಳ ಗೋಡೆಯಲ್ಲಿರುವ ಪಿ-ಗ್ಲೈಕೊಪ್ರೋಟೀನ್, ಒಳನುಗ್ಗುವ ಔಷಧಿಯನ್ನು ಪಂಪಿನಂತೆ ಮರಳಿ ರಕ್ತಕ್ಕೆ ತಳ್ಳುತ್ತದೆ. ಈ ಪ್ರೋಟೀನಿನ ರಚನೆಗೆ ಎಂಡಿಆರ್-1 ವಂಶವಾಹಿ ಕಾರಣ. ಬಾಧಿತ ಕೋಲಿಗಳ ಈ ವಂಶವಾಹಿಯಲ್ಲಿ 4 ಪ್ರತ್ಯಾಮ್ಲ ಜೋಡಿಗಳು ಇಲ್ಲದಿರುವುದನ್ನು ಅಮೆರಿಕದ ವಿಜ್ಞಾನಿಗಳು 2001ರಲ್ಲಿ ವರದಿ ಮಾಡಿದರು. ತಂದೆ, ತಾಯಿ ಎರಡೂ ಕಡೆಯಿಂದ ಈ ದೋಷ ಬಂದ ನಾಯಿಯಲ್ಲಿ ಪಂಪು ಕೆಲಸ ಮಾಡುವುದಿಲ್ಲ. ಔಷಧಿ ಮಿದುಳಿನಲ್ಲಿ ಸಂಗ್ರಹವಾಗುತ್ತದೆ.

ಹೃದಯಹುಳು ತಡೆಗೆ ಕಿಲೋಗ್ರಾಂ ತೂಕಕ್ಕೆ ನೀಡುವ 6 ಮೈಕ್ರೋಗ್ರಾಂ ಇಂಥ ನಾಯಿಗೂ ಸುರಕ್ಷಿತ. ಸುಮಾರು 100 ಮೈಕ್ರೋಗ್ರಾಂ ಆದರೆ ಅಪಾಯ. ಇದಕ್ಕೆ ನಿರ್ದಿಷ್ಟ ಪ್ರತಿವಿಷವಿಲ್ಲ. ಆದ್ದರಿಂದ ದನಗಳ ಸಾಂದ್ರ ಔಷಧಿಯನ್ನು ಅಂದಾಜಿನ ಮೇಲೆ ನಾಯಿಗೆ ಕೊಡಬಾರದು. ದೋಷವಿದೆಯೇ ಎಂಬುದನ್ನು ವಂಶವಾಹಿ ಪರೀಕ್ಷೆಯಿಂದ ಮೊದಲೇ ತಿಳಿಯಬಹುದು.