ಮುದಿಗೋವಿನ ದಾಸೋಹ

ತುರುವೇಕೆರೆ ಎಂಬ ಹೆಸರಿನಲ್ಲಿಯೇ ‘ತುರು’ ಎಂಬ ಶಬ್ದ ಕೇಳಿಬರುತ್ತದೆ. ಹಳಗನ್ನಡದಲ್ಲಿ ತುರು ಎಂದರೆ ಗೋವು. ಶತ್ರುಗಳು ಹೊಡೆದುಕೊಂಡು ಹೋದ ತುರುಗಳನ್ನು ಬಿಡಿಸಲು ಪ್ರಾಣವಿತ್ತವರ ವೀರಗಲ್ಲುಗಳು ಕನ್ನಡನಾಡಿನ ಅನೇಕ ಊರುಗಳಲ್ಲಿ ನಿಂತಿವೆ. ಅಂತಹ ನಾಡಿನಲ್ಲಿ, ಇದೇ ತಾಲ್ಲೂಕಿನ ದಬ್ಬೇಘಟ್ಟದ ದಾರಿಯಲ್ಲಿ, ಕೊರಳಲ್ಲಿ ಹಗ್ಗವಿಲ್ಲದ, ಪಕ್ಕೆಲುಬು ಎಣಿಸಬಹುದಾದ ಹೋರಿಗರುಗಳು ತೆಂಗಿನ ತೋಟದ ಬೇಲಿಯ ಬದಿಯಲ್ಲಿ ನಿಂತಿರುವುದನ್ನು ಕಂಡಾಗ ಮನಸ್ಸು ಮುದುಡುತ್ತದೆ.

ಇದಕ್ಕೆ ರೈತನೊಬ್ಬನನ್ನೇ ದೂಷಿಸುವುದು ನ್ಯಾಯವಲ್ಲ. ಉಳುಮೆಗೆ ಟ್ರ್ಯಾಕ್ಟರು, ಟಿಲ್ಲರುಗಳು ಬಂದ ಮೇಲೆ ಎತ್ತುಗಳಿಗೆ ಕೆಲಸ ತಪ್ಪಿತು. ಡೈರಿಗೆ ಹಾಲು ಹಾಕುವ ಮನೆಗಳಲ್ಲಿ ಹಳ್ಳಿಕಾರ್ ಹಸುವಿನ ಸ್ಥಾನಕ್ಕೆ ಮಿಶ್ರತಳಿಯ ಹಸು ಬಂದಿತು. ಅದಕ್ಕೆ ಹುಟ್ಟುವ ಗಂಡುಕರುವಿಗೆ ನೊಗವೂ ಇಲ್ಲ, ಕೊಳ್ಳುವವರೂ ಇಲ್ಲ. 2021ರಲ್ಲಿ ಜಾರಿಗೆ ಬಂದ ಗೋಹತ್ಯೆ ನಿಷೇಧ ಕಾಯ್ದೆಯು ಹಸು, ಎತ್ತು, ಹೋರಿ, ಕರುಗಳ ವಧೆಯನ್ನು ನಿಷೇಧಿಸಿತು. ಕಾನೂನು ಕತ್ತಿಯನ್ನು ತಡೆಯಬಹುದು. ಹಸಿವನ್ನು ತಡೆಯುವ ಹೊಣೆ ಸಮಾಜದ್ದು.

ಹನ್ನೆರಡನೆಯ ಶತಮಾನದ ಶರಣರಲ್ಲಿ ತುರುಗಾಹಿ ರಾಮಣ್ಣನವರು ದನ ಕಾಯುವುದನ್ನೇ ಕಾಯಕವಾಗಿ ಸ್ವೀಕರಿಸಿದವರು. ಅವರ ವಚನಗಳ ಅಂಕಿತವೂ ‘ಗೋಪತಿನಾಥ ವಿಶ್ವೇಶ್ವರಲಿಂಗ’ ಎಂದೇ ಇದೆ. ಕಾಯುವುದೆಂದರೆ ಕನ್ನಡದಲ್ಲಿ ರಕ್ಷಿಸುವುದು ಎಂಬ ಅರ್ಥವೂ ಉಂಟು, ತಾಳ್ಮೆಯಿಂದ ಎದುರುನೋಡುವುದು ಎಂಬ ಅರ್ಥವೂ ಉಂಟು. ಗೋಶಾಲೆ ನಡೆಸುವವರಿಗೆ ಇವೆರಡೂ ಬೇಕು.

ನಾನು ಮಠವೊಂದರಲ್ಲಿ ವ್ಯಾಸಂಗ ಮಾಡುತ್ತಿದ್ದ 1970ರ ದಶಕದ ಮಾತು. ಮಳೆ ಕೈಕೊಟ್ಟ ಒಂದು ವರ್ಷ ಭಕ್ತರು ತಮ್ಮ ಮುದಿ ದನಗಳನ್ನು ತಂದು ಮಠದ ಬಾಗಿಲಲ್ಲಿ ಕಟ್ಟಿಹೋಗತೊಡಗಿದರು. ಬಂದವನ್ನೆಲ್ಲ ಸೇರಿಸಿಕೊಂಡೆವು; ಬೇಡವೆನ್ನಲು ಯಾರಿಗೂ ಬಾಯಿ ಬರಲಿಲ್ಲ. ಶಿವರಾತ್ರಿ ಕಳೆಯುವಷ್ಟರಲ್ಲಿ ಹುಲ್ಲಿನ ಮೆದೆ ಬರಿದಾಯಿತು. ಯುಗಾದಿಯ ಹೊತ್ತಿಗೆ ಬೆಳಗಿನ ಪಾಠಕ್ಕೆ ಮುನ್ನ ಸತ್ತ ದನವನ್ನು ಹೊರಗೆ ಸಾಗಿಸುವ ಕೆಲಸ ವಿದ್ಯಾರ್ಥಿಗಳ ಪಾಲಿಗೆ ಬಂದಿತು. ಅಳತೆಯಿಲ್ಲದ ಕರುಣೆಯೂ ಒಂದು ಬಗೆಯ ಕ್ರೌರ್ಯವಾಗಬಲ್ಲದೆಂಬುದನ್ನು ನಾನು ಯಾವ ಶಾಸ್ತ್ರಗ್ರಂಥದಿಂದಲೂ ಕಲಿಯಲಿಲ್ಲ, ಆ ಕೊಟ್ಟಿಗೆಯಲ್ಲಿ ಕಲಿತೆನು.

ಆದ್ದರಿಂದ ಮೊದಲು ಲೆಕ್ಕ. ಸುಮಾರು 300 ಕಿಲೋ ತೂಗುವ ಒಂದು ಹಸುವಿಗೆ ದಿನಕ್ಕೆ 6ರಿಂದ 7 ಕಿಲೋ ಒಣಮೇವು ಅಥವಾ ಅದಕ್ಕೆ ಸಮನಾದ ಹಸಿಮೇವು ಬೇಕು. 30 ದನಗಳಿರುವ ಸಣ್ಣ ಗೋಶಾಲೆಗೂ ವರ್ಷಕ್ಕೆ 70 ಟನ್ನಿನಷ್ಟು ಮೇವು ಬೇಕಾಗುತ್ತದೆ. ರಾಜ್ಯ ಸರ್ಕಾರವು 2022ರಲ್ಲಿ ಆರಂಭಿಸಿದ ಪುಣ್ಯಕೋಟಿ ದತ್ತು ಯೋಜನೆಯಲ್ಲಿ ಒಂದು ಗೋವನ್ನು ದತ್ತು ಪಡೆಯಲು ವರ್ಷಕ್ಕೆ 11,000 ರೂಪಾಯಿ ನಿಗದಿಯಾಗಿತ್ತು. ಅಂದರೆ ದಿನಕ್ಕೆ 30 ರೂಪಾಯಿ. ಮೇವು, ಔಷಧಿ, ಆಳಿನ ಕೂಲಿ ಎಲ್ಲಕ್ಕೂ ಇದೊಂದೇ ಸಾಲುವುದೇ ಎಂಬುದನ್ನು ದನ ಸಾಕಿದ ಯಾವ ತಾಯಿಯಾದರೂ ಹೇಳಬಲ್ಲಳು.

ಇನ್ನೊಂದು ಲೆಕ್ಕವೂ ಉಂಟು. ಹಾಲು ಬತ್ತಿದ ಹಸುವೂ ದಿನಕ್ಕೆ ಸುಮಾರು 10 ಕಿಲೋ ಸಗಣಿ ಹಾಕುತ್ತದೆ. ಅದು ಕಳಿತು ಗೊಬ್ಬರವಾಗುವಾಗ ಅರ್ಧಕ್ಕಿಳಿದರೂ ವರ್ಷಕ್ಕೆ 1,800 ಕಿಲೋ ಉಳಿಯುತ್ತದೆ. ಫಲ ಕೊಡುವ ತೆಂಗಿನ ಮರಕ್ಕೆ ವರ್ಷಕ್ಕೆ 50 ಕಿಲೋ ಕೊಟ್ಟಿಗೆ ಗೊಬ್ಬರವೆಂದು ಹಿಡಿದರೆ, ಒಂದು ಮುದಿ ಹಸು 30ಕ್ಕೂ ಹೆಚ್ಚು ಮರಗಳನ್ನು ಪೋಷಿಸುತ್ತದೆ. ಗೊಬ್ಬರವೊಂದರಿಂದಲೇ ಗೋಶಾಲೆ ನಡೆಯದು, ನಿಜ. ಆದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ಸೀಮೆಯಲ್ಲಿ ಹುಲ್ಲು ಕೊಟ್ಟು ಗೊಬ್ಬರ ಒಯ್ಯುವ ಪದ್ಧತಿ ನೆಲೆಗೊಂಡರೆ ರೈತನ ಹಾಗೂ ಗೋಶಾಲೆಯ ನಡುವೆ ದಾನಕ್ಕಿಂತ ಗಟ್ಟಿಯಾದ ಸಂಬಂಧ ಬೆಳೆಯುತ್ತದೆ. ನೀರಿನ ಅನುಕೂಲವಿರುವ ತೋಟದ ಸಾಲುಗಳ ನಡುವೆ ಸೀಮೆಹುಲ್ಲು ಬೆಳೆದರೆ ಬೇಸಗೆಯಲ್ಲಿಯೂ ಹಸಿಮೇವು ದೊರೆಯುತ್ತದೆ.

ಹೋಬಳಿ ಮಟ್ಟದಲ್ಲಿ ಗೋಶಾಲೆ ನಡೆಸಲು ಮುಂದಾಗುವವರು ಕೆಲವು ಕಟ್ಟಳೆಗಳನ್ನು ಮೊದಲೇ ಹಾಕಿಕೊಳ್ಳಬೇಕು. ಮೇವಿನ ಸಂಗ್ರಹವಿರುವಷ್ಟೇ ದನಗಳನ್ನು ಸೇರಿಸಿಕೊಳ್ಳಬೇಕು. ದನವನ್ನು ಬಿಡಲು ಬಂದವರು ಬರಿಗೈಯಲ್ಲಿ ಹಿಂದಿರುಗದೆ ವರ್ಷಕ್ಕಿಷ್ಟು ಹುಲ್ಲು ಕೊಡುವುದಾಗಿ ಒಪ್ಪಬೇಕು. ಬಡವರಾದರೆ ಕೆಲವು ದಿನಗಳ ಮೈದುಡಿಮೆ ಸಾಕು. ಹೊಸದಾಗಿ ಬಂದ ದನವನ್ನು ಎರಡು ಮೂರು ವಾರ ಬೇರೆ ಕಟ್ಟಬೇಕು. 2022ರಲ್ಲಿ ಚರ್ಮಗಂಟು ರೋಗ ನಾಡಿನಲ್ಲಿ ಹೇಗೆ ಹಬ್ಬಿತೆಂಬುದನ್ನು ಮರೆಯಲಾಗದು. ಕಾಲುಬಾಯಿ ರೋಗದ ಲಸಿಕೆ ತಪ್ಪಬಾರದು. ಪ್ರತಿಯೊಂದಕ್ಕೂ ಕಿವಿಯೋಲೆ, ಪುಸ್ತಕದಲ್ಲಿ ದಾಖಲೆ ಇರಬೇಕು. ಜಮಾಖರ್ಚನ್ನು ತಿಂಗಳಿಗೊಮ್ಮೆ ಎಲ್ಲರಿಗೂ ಕಾಣುವಂತೆ ಗೋಡೆಗೆ ಹಚ್ಚಬೇಕು.

ಭಕ್ತರಿಗೂ ಒಂದು ವಿನಂತಿ. ಹಬ್ಬದ ದಿನ ಅನ್ನ, ಪಾಯಸಗಳನ್ನು ತಂದು ರಾಶಿಯಾಗಿ ದನಗಳ ಮುಂದೆ ಸುರಿಯಬೇಡಿರಿ. ಬೆಂದ ಧಾನ್ಯ ಮಿತಿಮೀರಿದರೆ ಹೊಟ್ಟೆಯುಬ್ಬರವಾಗಿ ದನ ಸಾಯುವುದುಂಟು. ಪ್ಲಾಸ್ಟಿಕ್ ಚೀಲವಂತೂ ವಿಷವೇ ಸರಿ. ರಾಗಿ ಒಕ್ಕಣೆ ಮುಗಿದ ಮೇಲೆ ಮನೆಗೊಂದು ಹೊರೆ ಹುಲ್ಲನ್ನು ತೆಗೆದಿರಿಸಿರಿ. ಮದುವೆ, ಲಿಂಗದೀಕ್ಷೆ, ಶಿವಗಣಾರಾಧನೆಗಳ ವೆಚ್ಚದಲ್ಲಿ ಒಂದು ಗಾಡಿ ಮೇವಿನ ಬೆಲೆಯನ್ನೂ ಸೇರಿಸಿರಿ.

ಕರೆಯುವ ಹಸುವಿಗೆ ಹುಲ್ಲು ಹಾಕುವುದು ವ್ಯವಹಾರ. ಕೆಚ್ಚಲು ಬತ್ತಿದ ಮೇಲೂ ಹಾಕುವ ಹಿಡಿಹುಲ್ಲು ದಾಸೋಹ. ಮುಂದಿನ ಬೇಸಗೆ ಬರುವುದಕ್ಕೆ ಮುನ್ನ ನಮ್ಮ ನಮ್ಮ ಊರಿನ ಮೆದೆ ಎಷ್ಟೆತ್ತರವಿದೆ ಎಂಬುದನ್ನು ಹಿರಿಯರು ಕುಳಿತು ಒಮ್ಮೆ ವಿಚಾರಿಸಲಿ.