ಮಸೂರದ ಒರೆ

ಆಷಾಢ ಶ್ರಾವಣಗಳೆರಡನ್ನೂ ಮಲೆನಾಡಿನ ಮನೆಯ ಬೀರುವಿನಲ್ಲಿ ಕಳೆದು ನವರಾತ್ರಿಯ ಹೊತ್ತಿಗೆ ಹೊರಬಂದ ನನ್ನ ಹಳೆಯ 200 ಮಿಲಿಮೀಟರಿನ ಮಸೂರವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಾಗ, ಗಾಜಿನ ಒಳಗಡೆ, ಬೆರಳಿಗಾಗಲಿ ಬಟ್ಟೆಗಾಗಲಿ ನಿಲುಕದ ಆಳದಲ್ಲಿ, ಜೇಡರ ಬಲೆಗಿಂತಲೂ ನವುರಾದ ಬಿಳಿಯ ಬಳ್ಳಿಯೊಂದು ಕವಲೊಡೆದು ಹಬ್ಬಿರುವುದು ಕಂಡಿತು. ಬೂಷ್ಟು ಹಿಡಿದಿತ್ತು. ಮಸೂರ ಅಷ್ಟು ದಿನ ವಾಸವಾಗಿದ್ದುದು ಹರಕು ಚೀಲದಲ್ಲಲ್ಲ. ತನ್ನೊಡನೆಯೇ ಕಾರ್ಖಾನೆಯಿಂದ ಬಂದ, ಕಂದುಬಣ್ಣದ ಗಟ್ಟಿ ಚರ್ಮದ, ಒಳಗೆಲ್ಲ ಕೆಂಪು ಮಖಮಲ್ಲು ಹೊದಿಸಿದ, ಹಿತ್ತಾಳೆಯ ಗುಂಡಿಯುಳ್ಳ, ರಾಜಕುಮಾರನೊಬ್ಬನ ಪಲ್ಲಕ್ಕಿಯಂತಿದ್ದ ಕೋಶದಲ್ಲಿ. ಅಡಿಗೆಮನೆಯ ಬಾಗಿಲಲ್ಲಿ ನಿಂತು ನನ್ನ ಸಂತಾಪವನ್ನು ಕೇಳಿಸಿಕೊಂಡ ಅತ್ತೆ, "ಮಾರಾಯ, ಮಳೆಗಾಲದಲ್ಲಿ ನಾವು ಹಪ್ಪಳವನ್ನಾದರೂ ಬಾಯಿ ಬಿಗಿಯಾದ ಡಬ್ಬಿಯಲ್ಲಿ ಇಡುತ್ತೇವೆ, ನೀನು ಅಷ್ಟು ದುಡ್ಡಿನ ಗಾಜನ್ನು ಚರ್ಮದಲ್ಲಿ ಸುತ್ತಿಟ್ಟೆಯಾ?" ಎಂದರು.

ಆ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತ ಹೋದವನಿಗೆ, ಛಾಯಾಗ್ರಹಣದ ಇತಿಹಾಸದಲ್ಲಿ ಯಾರೂ ಹೆಚ್ಚು ಮಾತಾಡದ ಒಂದು ಕುಶಲಕಲೆಯ ಪರಿಚಯವಾಯಿತು. ಕತ್ತಿಗೆ ಒರೆಯಿರುವಂತೆ ಮಸೂರಕ್ಕೂ ಒಂದು ಒರೆ ಬೇಕೆಂಬುದು, ಮಸೂರವನ್ನು ಕ್ಯಾಮೆರಾದಿಂದ ಬಿಡಿಸಿ ಜೇಬಿನಲ್ಲಿಯೋ ಹೆಗಲಿನಲ್ಲಿಯೋ ಹೊರುವ ಅಭ್ಯಾಸ ಬೆಳೆದ ಮೇಲೆ ಹುಟ್ಟಿದ ಅಗತ್ಯ. ಪೆಟ್ಟಿಗೆಯಂಥ ಹಿರಿಯ ಕ್ಯಾಮೆರಾಗಳ ಕಾಲದಲ್ಲಿಯೂ ಮಸೂರಗಳನ್ನು ಬದಲಿಸುತ್ತಿದ್ದರಾದರೂ, ಅಲ್ಲಿ ಎಲ್ಲವೂ ಮರದ ಪೆಟ್ಟಿಗೆಯಲ್ಲಿ, ಆಳಿನ ತಲೆಯ ಮೇಲೆ ಸಾಗುತ್ತಿತ್ತು. 1925ರಲ್ಲಿ ಮಾರುಕಟ್ಟೆಗೆ ಬಂದ ಜರ್ಮನಿಯ ಲೈಕಾ ಎಂಬ ಪುಟ್ಟ ಕ್ಯಾಮೆರಾ 1930ರಲ್ಲಿ ತಿರುಪಿ ತೆಗೆಯಬಹುದಾದ ಮಸೂರಗಳನ್ನು ಪಡೆದುಕೊಂಡಾಗಲೇ, ಒಬ್ಬನೇ ಮನುಷ್ಯನು ಎರಡು ಮೂರು ಮಸೂರಗಳನ್ನು ಮೈಮೇಲೆ ಧರಿಸಿಕೊಂಡು ಬೀದಿಯಲ್ಲಿ ನಡೆಯುವ ದೃಶ್ಯ ಸಾಮಾನ್ಯವಾಗತೊಡಗಿತು. ಕ್ಯಾಮೆರಾದಿಂದ ಬೇರ್ಪಟ್ಟ ಮಸೂರವೋ, ಎರಡು ಬದಿಯೂ ತೆರೆದ ಗಾಜಾದಕಾರಣ, ಚಿಪ್ಪಿನಿಂದ ಹೊರಬಿದ್ದ ಬಸವನ ಹುಳುವಿನಷ್ಟು ನಿಸ್ಸಹಾಯಕ.

ಮೊದಮೊದಲು ಒರೆ ಮಾಡುವ ಈ ಕೆಲಸಕ್ಕೆ ಒದಗಿದವರು ಕುದುರೆಯ ಜೀನು ಹೊಲಿಯುವವರ ವಿದ್ಯೆಯನ್ನು ಬಲ್ಲ ಚರ್ಮದ ಕುಶಲಿಗಳು. ಮರದ ತೊಗಟೆಯ ರಸದಲ್ಲಿ ಹದಮಾಡಿದ ದಪ್ಪ ಚರ್ಮವನ್ನು ನೀರಿನಲ್ಲಿ ನೆನೆಸಿದರೆ ಅದು ಜೇಡಿಮಣ್ಣಿನಂತೆ ವಿಧೇಯವಾಗುತ್ತದೆ. ಮಸೂರದ ಅಳತೆಗೆ ಕಡೆದ ಮರದ ಅಚ್ಚಿನ ಮೇಲೆ ಅದನ್ನೆಳೆದು, ಒತ್ತಿ, ನೆರಳಿನಲ್ಲಿ ಒಣಗಲು ಬಿಟ್ಟರೆ, ಆ ಆಕಾರವನ್ನು ಜೀವಮಾನವಿಡೀ ಮರೆಯದ ಗಟ್ಟಿತನವನ್ನು ಪಡೆಯುತ್ತದೆ. ಆಮೇಲೆ ಹೊಲಿಗೆ: ಮೇಣ ಸವರಿದ ಒಂದೇ ದಾರದ ಎರಡು ತುದಿಗೂ ಒಂದೊಂದು ಸೂಜಿಯನ್ನು ಪೋಣಿಸಿ, ಮೊದಲೇ ಮಾಡಿಟ್ಟ ಪ್ರತಿಯೊಂದು ರಂಧ್ರದಲ್ಲಿಯೂ ಎರಡು ಸೂಜಿಗಳೂ ಎದುರುಬದುರಾಗಿ ಹಾಯ್ದುಹೋಗುವಂತೆ ಹೊಲಿಯುವ ಈ ಕ್ರಮದಲ್ಲಿ, ಎಲ್ಲಿಯೋ ಒಂದು ಹೊಲಿಗೆ ಹರಿದರೂ ಮಿಕ್ಕವು ಕದಲುವುದಿಲ್ಲ, ಯಂತ್ರದ ಹೊಲಿಗೆಯಲ್ಲಾದರೋ ಒಂದೆಡೆ ದಾರ ಸವೆದರೆ ಅದರ ಅಕ್ಕಪಕ್ಕವೂ ಬೇಗ ಸಡಿಲಗೊಳ್ಳುತ್ತದೆ. ನನ್ನ ಕೋಶದ ಹೊಲಿಗೆ ಇಂದಿಗೂ ಒಂದೆಳೆ ಬಿಟ್ಟಿಲ್ಲ. ಆದರೆ ಚರ್ಮವು ಎಷ್ಟಾದರೂ ಒಂದು ಪ್ರಾಣಿಯ ಮೈಯಾಗಿದ್ದ ವಸ್ತು. ಗಾಳಿಯ ತೇವವನ್ನು ಹೀರಿ ತನ್ನಲ್ಲಿಯೇ ಇಟ್ಟುಕೊಳ್ಳುತ್ತದೆ, ಬೂಷ್ಟಿಗೆ ಆಹಾರವಾಗುತ್ತದೆ, ತನ್ನಲ್ಲಿರುವ ಕೊಬ್ಬಿನ ಅಂಶದಿಂದ ಹಿತ್ತಾಳೆಗೆ ಹಸಿರು ಕಿಲುಬನ್ನು ಬರಿಸುತ್ತದೆ. ಒಣ ಹವೆಯ ನಾಡಿನಲ್ಲಿ ಸಜ್ಜನನಾಗಿರುವ ಈ ಮಿತ್ರನು, ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಆಗುಂಬೆಯ ಆಸುಪಾಸಿನಲ್ಲಿ ಶತ್ರುವಿಗೆ ಬಾಗಿಲು ತೆರೆದುಕೊಡುವ ಕಾವಲುಗಾರನಾಗಿಬಿಡುತ್ತಾನೆ.

ಇದು ಮಲೆನಾಡಿನವರಿಗೆ ಮಾತ್ರ ಬಂದ ಕಷ್ಟವಲ್ಲ. ದ್ವಿತೀಯ ಮಹಾಯುದ್ಧದ ಕಾಲದಲ್ಲಿ ನ್ಯೂಗಿನಿಯ ಮಳೆಕಾಡುಗಳಿಗೆ ಹೋದ ಸೈನ್ಯಗಳ ದುರ್ಬೀನುಗಳೂ ಗುರಿನೋಟದ ಉಪಕರಣಗಳೂ ಶತ್ರುವಿನ ಗುಂಡಿಗಿಂತ ಮೊದಲು ಬೂಷ್ಟಿಗೆ ಬಲಿಯಾಗತೊಡಗಿದುದರಿಂದ, ಆಸ್ಟ್ರೇಲಿಯದ ಸಸ್ಯವಿಜ್ಞಾನಿಗಳು ಈ ವಿಷಯವನ್ನು ಯುದ್ಧಕಾರ್ಯವೆಂದೇ ಎಣಿಸಿ ಸಂಶೋಧನೆಗೆ ಕುಳಿತರು. ಗಾಜು ಬೂಷ್ಟಿಗೆ ಆಹಾರವಲ್ಲ. ಅದರ ಮೇಲೆ ಕುಳಿತ ಧೂಳು, ಬೆರಳಿನ ಜಿಡ್ಡು, ಒಳಗಿನ ತಿರುಗುವ ಬಳೆಗಳಿಗೆ ಹಚ್ಚಿದ ಎಣ್ಣೆಯ ಸೂಕ್ಷ್ಮಾಂಶ, ಇಷ್ಟೇ ಅದಕ್ಕೆ ಸಾಕು. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡ 70ರ ಆಚೀಚೆ ಬಹುದಿನ ನಿಂತಿತೆಂದರೆ, ಎಲ್ಲೆಲ್ಲಿಯೂ ಇದ್ದೇ ಇರುವ ಅದರ ಬೀಜಕಣಗಳು ಮೊಳೆಯುತ್ತವೆ. ಬೆಳೆಯುತ್ತ ಅವು ಒಸರುವ ಆಮ್ಲವು ಮಸೂರದ ಲೇಪವನ್ನೂ ಕಡೆಗೆ ಗಾಜನ್ನೂ ಕೊರೆಯುತ್ತದೆ. ಬಳ್ಳಿಯನ್ನು ಒರಸಬಹುದು, ಕೊರೆದ ಗೆರೆಯನ್ನು ಒರಸಲಾಗದು.

ಹೀಗಿರುವಾಗ ಒರೆಯನ್ನು ಕೊಳ್ಳಹೋಗುವವನು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಇದು ಹೊರುವುದಕ್ಕೋ ಇಡುವುದಕ್ಕೋ ಎಂಬುದು. ಅಂಗಡಿಯವರು ಇವೆರಡನ್ನೂ ಒಂದೇ ಎಂಬಂತೆ ಮಾರುತ್ತಾರೆ. ನಾವೂ ಒಂದೇ ಎಂಬಂತೆ ಕೊಳ್ಳುತ್ತೇವೆ. ನನ್ನ ಮಟ್ಟಿಗೆ ಹೇಳುವುದಾದರೆ ಮಸೂರಗಳ ಅಕಾಲಮೃತ್ಯುವಿನ ಮುಕ್ಕಾಲು ಪಾಲು ಈ ಗೊಂದಲದಿಂದಲೇ ಬರುತ್ತದೆ. ಹೊರುವ ಒರೆ ಪೆಟ್ಟನ್ನು ತಡೆಯಬೇಕು. ಇಡುವ ಮನೆ ತೇವವನ್ನು ತಡೆಯಬೇಕು. ಪೆಟ್ಟನ್ನು ತಡೆಯುವ ಮೆತ್ತೆಗಳಲ್ಲಿ ಹಲವಕ್ಕೋ, ತೇವವನ್ನು ಕುಡಿದು ಕೂರುವುದೇ ಸ್ವಭಾವ.

ಪೆಟ್ಟಿನ ವಿಚಾರ ಮೊದಲು. ಕಾಡಿನ ಸಫಾರಿಗೆ ಹೋಗುವವರು ಬಹಳವಾಗಿ ಮೆಚ್ಚುವ, 70ರಿಂದ 200 ಮಿಲಿಮೀಟರಿನವರೆಗೆ ಚಾಚುವ ದೊಡ್ಡ ಜೂಮ್ ಲೆನ್ಸನ್ನು ತೆಗೆದುಕೊಳ್ಳೋಣ. ಕ್ಯಾನನ್ನಿನವರ ಎಫ್ 2.8ರ ಎರಡನೆಯ ಆವೃತ್ತಿ 199 ಮಿಲಿಮೀಟರ್ ಉದ್ದ, ಸುಮಾರು 89 ಮಿಲಿಮೀಟರ್ ವ್ಯಾಸ, 1,490 ಗ್ರಾಂ ತೂಕ. ಸೊಂಟದ ಎತ್ತರದಿಂದ, ಅಂದರೆ ಸುಮಾರು 1 ಮೀಟರಿನಿಂದ, ಅದು ಜಾರಿತೆನ್ನಿ. ನೆಲವನ್ನು ಮುಟ್ಟುವಾಗ ಅದರ ವೇಗ ಗಂಟೆಗೆ 16 ಕಿಲೋಮೀಟರು. ಬಂಡೆಯ ಮೇಲೆ ಬಿದ್ದು 1 ಮಿಲಿಮೀಟರಿನೊಳಗೆ ನಿಂತುಬಿಟ್ಟರೆ, ತನ್ನ ತೂಕದ ಸಾವಿರ ಪಟ್ಟು, ಎಂದರೆ ಒಂದೂವರೆ ಟನ್ನಿನಷ್ಟು ಭಾರ ಅದರ ಮೈಮೇಲೆ ಕ್ಷಣಕಾಲ ಎರಗುತ್ತದೆ. ಅದೇ ಪತನವನ್ನು 20 ಮಿಲಿಮೀಟರಿನ ಮೆತ್ತೆಯೊಂದು ಮೆಲ್ಲಮೆಲ್ಲನೆ ಕುಗ್ಗಿ ತಡೆದುಕೊಂಡರೆ, ಆ ಭಾರ 75 ಕಿಲೋಗ್ರಾಮಿಗೆ, ಒಬ್ಬ ಆಳಿನ ತೂಕಕ್ಕೆ, ಇಳಿಯುತ್ತದೆ. ಒರೆಯ ಸಮಸ್ತ ಮಹಿಮೆಯೂ ಈ ಎರಡು ಬೆರಳಿನ ಅಂತರದಲ್ಲಿದೆ. ಆದರೆ ದಪ್ಪವೊಂದೇ ಸಾಲದು. ಹೆಬ್ಬೆರಳಿನಿಂದ ಬಲವಾಗಿ ಒತ್ತಿದಾಗ ಆಚೆಯ ಬಟ್ಟೆ ಬೆರಳಿಗೆ ತಗಲುವಂತಿದ್ದರೆ, ಆ ಮೆತ್ತೆ ದಿಂಬಿಗೆ ಯೋಗ್ಯವೇ ಹೊರತು ಮಸೂರಕ್ಕಲ್ಲ. ಒತ್ತಿದಷ್ಟೂ ಬಿಗಿಯುತ್ತ, ಬಿಟ್ಟೊಡನೆ ಮೇಲೇಳುವುದು ಸರಿಯಾದದ್ದು. ಅಂಗಡಿಯವನು ಬದಿಗಳನ್ನು ಒತ್ತಿ ತೋರಿಸುತ್ತಾನೆ. ನಾವು ತಳವನ್ನು ಒತ್ತಿ ನೋಡಬೇಕು, ಏಕೆಂದರೆ ಹೆಗಲಿನಿಂದ ಇಳಿಸಿದ ಚೀಲ ನೆಲಕ್ಕೆ ಕುಕ್ಕುವುದು ತಳದಿಂದ.

ಸ್ಪಂಜಿನಲ್ಲಿ ಎರಡು ಜಾತಿ. ಒಂದರ ಗುಳ್ಳೆಗಳು ಒಂದಕ್ಕೊಂದು ಬಾಯಿ ತೆರೆದುಕೊಂಡಿದ್ದು ನೀರನ್ನು ಹೀರುತ್ತವೆ. ಇನ್ನೊಂದರ ಗುಳ್ಳೆಗಳು ಪ್ರತ್ಯೇಕವಾಗಿ ಮುಚ್ಚಿಕೊಂಡಿದ್ದು ಹೀರುವುದಿಲ್ಲ. ಸಮುದ್ರದಲ್ಲಿ ಮುಳುಗುವವರು ತೊಡುವ ಉಡುಪಿನ ನಿಯೋಪ್ರೀನ್ ಎರಡನೆಯ ಬಗೆಯದು; 1930ರಲ್ಲಿ ಅಮೆರಿಕದ ಡ್ಯೂಪಾಂಟ್ ಪ್ರಯೋಗಾಲಯದಲ್ಲಿ ಹುಟ್ಟಿದ ಈ ಕೃತಕ ರಬ್ಬರು ಈಗ ಮಸೂರಗಳಿಗೆ ಕಾಲುಚೀಲದಂಥ ಹಗುರವಾದ ಪೌಚಾಗಿ ಬರುತ್ತದೆ. ಚೀಲದೊಳಗೊಂದು ಚೀಲವಾಗಿ ಅದು ಚೆನ್ನ. ಒಂಟಿಯಾಗಿ ಅದನ್ನೇ ನಂಬಿ ಭಾರವಾದ ಮಸೂರವನ್ನು ಸೊಂಟಕ್ಕೆ ಕಟ್ಟಿಕೊಳ್ಳುವುದು ಸಾಹಸ. ಪಾಲಿಯುರಿಥೇನ್ ಎಂಬ ಅಗ್ಗದ ಸ್ಪಂಜಿನ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ತೇವದ ಹವೆಯಲ್ಲಿ ಅದು ಕೆಲವು ವರ್ಷಗಳಲ್ಲಿ ತಾನೇ ಕರಗಿ, ಮೊದಲು ಅಂಟಾಗಿ ಆಮೇಲೆ ಪುಡಿಯಾಗಿ ಉದುರುತ್ತದೆ. ಹಳೆಯ ಚೀಲಗಳನ್ನು ಬಿಚ್ಚಿದವರ ಕೈಗೆ ಹತ್ತುವ ಆ ಕರಿಯ ಜಿಗುಟು ಇದೇ.

ಮೆತ್ತೆಯನ್ನೇ ನೆಚ್ಚದೆ ಬೇರೊಂದು ದಾರಿಯನ್ನು ಹಿಡಿದವರೂ ಇದ್ದಾರೆ. ಸೋವಿಯತ್ ರಷ್ಯದಲ್ಲಿ ತಯಾರಾದ ಜುಪಿಟರ್ ಮೊದಲಾದ ಕೆಲವು ಮಸೂರಗಳು ಕುಂಕುಮದ ಭರಣಿಯಂತೆ ತಿರುಪು ಮುಚ್ಚಳವುಳ್ಳ ಬೇಕಲೈಟಿನ ಕರಂಡಕಗಳಲ್ಲಿ ಬರುತ್ತಿದ್ದುವು. ಲೈಕಾದವರು ಪಾರದರ್ಶಕವಾದ ಪ್ಲಾಸ್ಟಿಕ್ಕಿನ ಗುಮ್ಮಟವೊಂದನ್ನು ಮಾಡಿ, ಅದರ ಪೀಠದಲ್ಲಿ ಕ್ಯಾಮೆರಾದಲ್ಲಿರುವಂಥದೇ ಕಚ್ಚನ್ನಿಟ್ಟು, ಮಸೂರವನ್ನು ಅಲ್ಲಿ ತಿರುಪಿ ನಿಲ್ಲಿಸುವ ಏರ್ಪಾಡು ಮಾಡಿದ್ದರು. ಇದರಲ್ಲಿರುವ ವಿವೇಕ ನನಗೆ ಬಹಳ ಹಿಡಿಸಿತು: ಮಸೂರದ ಬಲವಾದ ಎಲುಬೆಂದರೆ ಅದರ ಹಿಂದಿನ ಲೋಹದ ಬಳೆ, ಅದನ್ನು ಹಿಡಿದುಕೊಂಡರೆ ಗಾಜಿಗೆ ಯಾವುದೂ ತಗಲಬೇಕಾಗಿಲ್ಲ. 1965ರ ಫೋಟೋಸ್ನೈಪರ್ ಎಂಬ ಸೋವಿಯತ್ ಸಲಕರಣೆಯಲ್ಲಂತೂ 300 ಮಿಲಿಮೀಟರಿನ ಮಸೂರ, ಬಂದೂಕಿನ ಹಿಡಿಯಂಥ ಆಧಾರ, ಕ್ಯಾಮೆರಾ ಎಲ್ಲವೂ ಸೇರಿ ಒಂದು ಲೋಹದ ಪೆಟ್ಟಿಗೆಯಲ್ಲಿ ಬರುತ್ತಿದ್ದುವು. ಅದನ್ನು ಹೊತ್ತು ಇಂದಿನ ವಿಮಾನನಿಲ್ದಾಣದ ತಪಾಸಣೆಯನ್ನು ದಾಟುವವನ ಧೈರ್ಯವನ್ನು ನಾನು ಮೆಚ್ಚುತ್ತೇನೆ.

ಇನ್ನು ಬಟ್ಟೆಯ ಚೀಲಗಳ ಮಾತು. ಇಂಗ್ಲೆಂಡಿನ ಬಿಲ್ಲಿಂಗ್‌ಹ್ಯಾಮ್ ಕಂಪೆನಿ 1973ರಲ್ಲಿ ಆರಂಭವಾದಾಗ ಹೊಲಿಯುತ್ತಿದ್ದುದು ಮೀನು ಹಿಡಿಯುವವರ ಚೀಲಗಳನ್ನು. ಅಮೆರಿಕದ ಛಾಯಾಗ್ರಾಹಕರು ಅವನ್ನೇ ಕೊಂಡು ಕ್ಯಾಮೆರಾ ತುಂಬಿಕೊಳ್ಳುತ್ತಿದ್ದಾರೆಂಬ ಸಮಾಚಾರ ತಿಳಿದ ಮೇಲೆ ಅದು ಈ ಕಡೆಗೆ ಹೊರಳಿತು. ಮೀನುಗಾರನಿಗೂ ಛಾಯಾಗ್ರಾಹಕನಿಗೂ ಬೇಕಾದುದು ಒಂದೇ ತಾನೆ: ನೀರು ಇಳಿಯದ ಬಟ್ಟೆ, ಒಂದೇ ಕೈಯಲ್ಲಿ ತೆರೆಯುವ ಮುಚ್ಚಳ, ಗಂಟೆಗಟ್ಟಲೆ ಸುಮ್ಮನೆ ಕಾದು ಕುಳಿತಿರುವಾಗ ಹೆಗಲನ್ನು ಕೊಯ್ಯದ ಪಟ್ಟಿ.

ಅಳತೆಯ ವಿಷಯದಲ್ಲಿ ಮೋಸಹೋಗುವವರು ಬಹು ಮಂದಿ. ಮಸೂರದೊಡನೆ ಬಂದ ಚೀಟಿಯಲ್ಲಿರುವ ಉದ್ದ ಬರಿಯ ಮಸೂರದ್ದು. ಹಿಂದು ಮುಂದಿನ ಮುಚ್ಚಳಗಳನ್ನು ತೊಡಿಸಿ, ಹುಡ್ಡನ್ನು ತಿರುಗಿಸಿ ಹಾಕಿ, ಮುಕ್ಕಾಲಿಗೆ ಕೂರಿಸುವ ಪಾದವಿದ್ದರೆ ಅದನ್ನೂ ಸೇರಿಸಿ ಅಳೆದಾಗ ಬರುವುದೇ ನಿಜವಾದ ಅಳತೆ. ಆದಕಾರಣ ಮಸೂರವನ್ನು ಜೊತೆಗೆ ಕೊಂಡುಹೋಗದೆ ಒರೆಯನ್ನು ಕೊಳ್ಳಲಾಗದು. ಪಾದವನ್ನು ಮನೆಯಲ್ಲಿಟ್ಟು ಚಪ್ಪಲಿ ಕೊಳ್ಳಹೋದ ಹಾಗೆ. ಒಳಗಿಟ್ಟು ಅಲುಗಿಸಿದರೆ ಕುಲುಕಬಾರದು. ತೆಗೆಯಹೋದರೆ ಜೂಮಿನ ಬಳೆ ತಿರುಗುವಷ್ಟು ಬಿಗಿಯಾಗಿಯೂ ಇರಬಾರದು.

ಬಾಯಿಯ ವಿಚಾರವನ್ನು ಮಾತ್ರ ಸ್ವಲ್ಪ ನಿಧಾನವಾಗಿ ಹೇಳಬೇಕು. ಜಾರುಗಂಟಿನ ದಾರವುಳ್ಳ ಪೌಚಿನ ನೆತ್ತಿಯಲ್ಲಿ ಯಾವಾಗಲೂ ಒಂದು ಕಿಂಡಿ ಉಳಿದೇ ಇರುತ್ತದೆ; ಬೇಸಗೆಯಲ್ಲಿ ಬಂಡೀಪುರದ ಹಾದಿಯ ಧೂಳಿಗೆ ಅದೇ ಹೆಬ್ಬಾಗಿಲು. ಜಿಪ್ಪು ಉತ್ತಮ, ಆದರೆ ಅದರ ಹಲ್ಲಿನ ಸಾಲಿಗೂ ಮಸೂರಕ್ಕೂ ನಡುವೆ ಬಟ್ಟೆಯ ಪಟ್ಟಿಯೊಂದು ಅಡ್ಡವಾಗಿರಬೇಕು. ಇನ್ನು ವೆಲ್ಕ್ರೊ. ಸ್ವಿಟ್ಜರ್ಲೆಂಡಿನ ಜಾರ್ಜ್ ದ ಮೆಸ್ಟ್ರಾಲ್ ಎಂಬ ಇಂಜಿನಿಯರು, ನಮ್ಮ ಪಂಚೆಯ ಅಂಚಿಗೆ ಉತ್ತರಾಣಿ ಹತ್ತಿಕೊಳ್ಳುವಂತೆ ತನ್ನ ನಾಯಿಯ ರೋಮಕ್ಕೆ ಹತ್ತಿಕೊಂಡ ಮುಳ್ಳುಕಾಯಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಕಂಡುಹಿಡಿದ ಈ ಅಂಟುಪಟ್ಟಿ ಸಭೆ ಸಮಾರಂಭಗಳಲ್ಲಿ ಬಹಳ ಅನುಕೂಲ. ಕಬಿನಿಯ ಹಿನ್ನೀರಿನ ಅಂಚಿನಲ್ಲಿ, ಜೀಪಿನವರೆಲ್ಲ ಉಸಿರು ಬಿಗಿಹಿಡಿದು ಲಂಟಾನದ ಪೊದೆಯೊಂದನ್ನೇ ನೋಡುತ್ತ ಕುಳಿತಿದ್ದ ಒಂದು ಸಂಜೆ, ನಾನು ಮಸೂರ ಬದಲಿಸಲೆಂದು ಆ ಪಟ್ಟಿಯನ್ನು ಪರ್ರನೆ ಎಳೆದೆನು. ಪೊದೆಯೊಳಗೆ ಏನಿತ್ತೆಂಬುದು ನಮಗಾರಿಗೂ ತಿಳಿಯದೆಯೇ ಉಳಿಯಿತು. ಜೀಪಿನಲ್ಲಿದ್ದವರು ನನ್ನನ್ನು ನೋಡಿದ ನೋಟ ಮಾತ್ರ ನೆನಪಿದೆ. ಅಂದಿನಿಂದ ನನ್ನ ಒರೆಗೆ ಒತ್ತುಗುಂಡಿಯೂ ಇಲ್ಲ, ಅಂಟುಪಟ್ಟಿಯೂ ಇಲ್ಲ; ಸದ್ದಿಲ್ಲದೆ ಕೂರುವ ಕೊಕ್ಕೆಯೊಂದಿದೆ.

ಹೊರುವ ಒರೆಯ ಕೆಲಸ ಮನೆಯ ಹೊಸ್ತಿಲಿನವರೆಗೆ. ಒಳಬಂದ ಮೇಲೆ ಮಸೂರವನ್ನು ಅದರಿಂದ ಹೊರತೆಗೆದು, ಒರೆಯನ್ನು ಒಳಮಗ್ಗುಲಾಗಿ ಮಗುಚಿ ಫ್ಯಾನಿನ ಕೆಳಗೆ ಒಣಹಾಕಿ, ಮಸೂರವನ್ನು ಬೇರೆಡೆ ಇಡಬೇಕು. ಎಲ್ಲಿ? 1976ರಲ್ಲಿ ಡೇವ್ ಪಾರ್ಕರ್ ಎಂಬಾತ ಕ್ಯಾಲಿಫೋರ್ನಿಯದಲ್ಲಿ ಸ್ಥಾಪಿಸಿದ ಪೆಲಿಕನ್ ಕಂಪೆನಿಯ ಪೆಟ್ಟಿಗೆಗಳು ಲೋಕಪ್ರಸಿದ್ಧ. ಗಟ್ಟಿ ಪ್ಲಾಸ್ಟಿಕ್ಕಿನ ಮೈ, ಬಾಯಿಯ ಸುತ್ತ ರಬ್ಬರಿನ ಬಳೆ, ವಿಮಾನದಲ್ಲಿ ಗಾಳಿಯ ಒತ್ತಡ ಬದಲಾದರೆ ಸರಿದೂಗಿಸುವ ಪುಟ್ಟ ಕವಾಟ. ಅತ್ತೆಯ ಹಪ್ಪಳದ ಡಬ್ಬಿಗೂ ಅದಕ್ಕೂ ತತ್ತ್ವದಲ್ಲಿ ಭೇದವಿಲ್ಲ. ಆದುದರಿಂದ ನಾನು ಡಬ್ಬಿಯನ್ನೇ ಆರಿಸಿಕೊಂಡೆನು. ಅದರೊಳಗೆ ಸಿಲಿಕಾ ಜೆಲ್ಲಿನ ಹರಳುಗಳ ಒಂದು ಬಟ್ಟೆಯ ಗಂಟು, ತೇವವನ್ನು ತೋರಿಸುವ ಒಂದು ಪುಟ್ಟ ಮಾಪಕ. ಮುಳ್ಳು ಶೇಕಡ 40ಕ್ಕೂ 50ಕ್ಕೂ ನಡುವೆ ನಿಂತಿದ್ದರೆ ನೆಮ್ಮದಿ. ಕಿತ್ತಳೆಯ ಬಣ್ಣದ ಹರಳು ತೇವವನ್ನು ಕುಡಿದು ಹಸಿರಾದಾಗ, ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಬೆಚ್ಚಗೆ ಮಾಡಿದರೆ ಮರಳಿ ಕಿತ್ತಳೆಯಾಗುತ್ತದೆ. ನೀಲಿಯಿಂದ ಗುಲಾಬಿಗೆ ತಿರುಗುವ ಹಳೆಯ ಬಗೆಯ ಹರಳಿನಲ್ಲಿ ಕೋಬಾಲ್ಟಿನ ಲವಣವಿರುವುದರಿಂದ ಅದನ್ನು ಅಡಿಗೆಮನೆಗೆ ತರದಿರುವುದು ಲೇಸು. ಈ ಹರಳನ್ನು ಬಟ್ಟೆಯ ಚೀಲದಲ್ಲಿ ಹಾಕಿ ನಿಶ್ಚಿಂತರಾಗಿರುವವರನ್ನು ಕಂಡಿದ್ದೇನೆ. ಅದು ಬಾಗಿಲು ತೆರೆದಿಟ್ಟು ಮನೆಯೊಳಗಿನ ಮಂಜನ್ನು ಗುಡಿಸಿದಂತೆ.

ಬೂಷ್ಟು ಹಿಡಿದ ಮಸೂರವನ್ನು ಬೆಂಗಳೂರಿನಲ್ಲಿ ಬಿಚ್ಚಿಸಿ ತೊಳೆಸಿದೆನು. ಒಂದು ಅಂಚಿನಲ್ಲಿ ಮಬ್ಬು ಉಳಿದಿದೆ, ಎದುರು ಬಿಸಿಲಿನಲ್ಲಿ ತೆಗೆದ ಚಿತ್ರಗಳಲ್ಲಿ ಅದು ತನ್ನ ಹಾಜರಿಯನ್ನು ಹಾಕುತ್ತದೆ. ಕೆಂಪು ಮಖಮಲ್ಲಿನ ಕೋಶವನ್ನು ಎಸೆಯಲು ಮನಸ್ಸು ಬರಲಿಲ್ಲ. ಚಾವಡಿಯ ಗೂಟಕ್ಕೆ ತೂಗುಹಾಕಿದ್ದುದನ್ನು ಮಾವ ಒಂದು ದಿನ ಕೆಳಗಿಳಿಸಿ, ರಾತ್ರಿ ತೋಟದ ನೀರು ತಿರುಗಿಸಲು ಹೋಗುವಾಗ ಒಯ್ಯುವ ಎರಡು ಸೆಲ್ಲಿನ ಬ್ಯಾಟರಿಯನ್ನು ಅದರೊಳಗಿಳಿಸಿ ನೋಡಿದರು. ಅಲುಗಿಸಿದರು, ಕುಲುಕಲಿಲ್ಲ.