ಎಂಜಿನ್ ಬಿಚ್ಚಿದಾಗ ಮೊದಲು ನೋಡಬೇಕಾದ ಪೈಪು

ಹಳೆಯ ಮಾರುತಿ 800 ಕಾರಿನ ಎಂಜಿನ್ ಕೆಲಸಕ್ಕೆ ಬಂದಿದೆ ಎಂದುಕೊಳ್ಳಿ. ಬ್ಲಾಕು ಬೋರಿಂಗಿಗೆ ಹೋಗುತ್ತದೆ, ಹೆಡ್ಡು ಫೇಸಿಂಗಿಗೆ ಹೋಗುತ್ತದೆ, ಹೊಸ ಪಿಸ್ಟನ್ನು, ರಿಂಗು, ಬೇರಿಂಗುಗಳು ಡಬ್ಬಿಯಿಂದ ಹೊರಬರುತ್ತವೆ. ಯಜಮಾನರೂ ಮೆಕ್ಯಾನಿಕ್ಕೂ ಮಾತಾಡುವುದೆಲ್ಲ ಇವುಗಳ ಬಗ್ಗೆಯೇ. ಬ್ಲಾಕಿನ ಪಕ್ಕದಲ್ಲಿ ಒತ್ತಿಕೊಂಡು ನೀರಿನ ಪಂಪಿನ ಕಡೆಗೆ ಸಾಗುವ ಉಕ್ಕಿನ ಪೈಪು ಮಾತ್ರ ಬೋಲ್ಟು, ಕ್ಲಿಪ್ಪುಗಳ ಜೊತೆ ಟ್ರೇಯಲ್ಲಿ ಬಿದ್ದಿರುತ್ತದೆ. ಹೊರಗಿನಿಂದ ಅಲ್ಲಲ್ಲಿ ಕೆಂಪಗಾಗಿದೆ, ಎಮೆರಿ ಪೇಪರಿನಲ್ಲಿ ಉಜ್ಜಿ ಬಣ್ಣ ಹೊಡೆದು ಮತ್ತೆ ಹಾಕಿದರಾಯಿತು ಎಂದು ಬಹಳಷ್ಟು ಕಡೆ ಮುಂದೆ ಹೋಗುತ್ತಾರೆ.

ಹೊಸದಾಗಿ ಕಟ್ಟಿದ ಎಂಜಿನ್ನಿನ ಆಯುಸ್ಸು ಈ ಪೈಪಿನ ಕೈಯಲ್ಲಿದೆ. ಸಿಲಿಂಡರಿನೊಳಗೆ ಉರಿಯುವ ಅನಿಲದ ಉಷ್ಣತೆ ಕ್ಷಣಕಾಲ 2,000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆ ಎಂಜಿನ್ನಿನ ಹೆಡ್ಡು ಅಲ್ಯೂಮಿನಿಯಮ್ಮಿನದು, ಶುದ್ಧ ಅಲ್ಯೂಮಿನಿಯಂ ಕರಗುವುದೇ 660 ಡಿಗ್ರಿಗೆ. ಪೆಟ್ರೋಲಿನಿಂದ ಬರುವ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಪಾಲನ್ನು ನೀರು ಹೊತ್ತೊಯ್ದು ರೇಡಿಯೇಟರಿಗೆ ಮುಟ್ಟಿಸುವುದರಿಂದಲೇ ಲೋಹ ತಡೆದುಕೊಂಡಿರುತ್ತದೆ. ಪೈಪಿನಲ್ಲಿ ಗುಂಡುಸೂಜಿ ಗಾತ್ರದ ಒಂದು ತೂತಾದರೂ ಸಾಕು, ನೀರು ಇಳಿಯುತ್ತದೆ, ಗಾಡಿ ಹೀಟ್ ಆಗುತ್ತದೆ, ಹೆಡ್ಡು ಬೆಂಡಾಗುತ್ತದೆ. ಆಗ ಇಡೀ ಎಂಜಿನ್ ಕೆಲಸ ಮತ್ತೆ ಮೊದಲಿನಿಂದ.

ತುಕ್ಕಿಗೆ ಗಾಳಿ ಎಲ್ಲಿಂದ?

ಕಬ್ಬಿಣಕ್ಕೆ ನೀರು ತಾಗಿದರೆ ತುಕ್ಕು ಹಿಡಿಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ನೀರಿನ ಜೊತೆ ಆಮ್ಲಜನಕವೂ ಬೇಕು ಎಂಬುದನ್ನು ಶಾಲೆಯಲ್ಲಿ ಮೊಳೆ ಮತ್ತು ಪ್ರನಾಳದ ಪ್ರಯೋಗ ಮಾಡಿದವರು ಬಲ್ಲರು. ಕಬ್ಬಿಣದ ಪರಮಾಣು ಎರಡು ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ನೀರಿಗೆ ಇಳಿಯುತ್ತದೆ. ಆ ಎಲೆಕ್ಟ್ರಾನುಗಳು ಲೋಹದೊಳಗೇ ಹರಿದು ಇನ್ನೊಂದು ಜಾಗಕ್ಕೆ ಹೋಗಿ, ಅಲ್ಲಿ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಸೇರುತ್ತವೆ. ಆಮ್ಲಜನಕ ಮುಗಿದರೆ ಎಲೆಕ್ಟ್ರಾನುಗಳಿಗೆ ಹೋಗಲು ಜಾಗವಿಲ್ಲ, ತುಕ್ಕಿನ ಓಟವೂ ಬಹುಮಟ್ಟಿಗೆ ನಿಲ್ಲುತ್ತದೆ.

ಇಲ್ಲೊಂದು ಸಣ್ಣ ಲೆಕ್ಕ ಮಾಡಿ ನೋಡಬೇಕು. ಸಾಧಾರಣ ಉಷ್ಣತೆಯ ಒಂದು ಲೀಟರ್ ನೀರಿನಲ್ಲಿ ಕರಗಿರುವ ಆಮ್ಲಜನಕ ಸುಮಾರು 8 ಮಿಲಿಗ್ರಾಂ. ಎಂಜಿನ್ನು, ರೇಡಿಯೇಟರು ಸೇರಿ ನಾಲ್ಕು ಲೀಟರ್ ನೀರು ಹಿಡಿಯುತ್ತದೆ ಎಂದಿಟ್ಟುಕೊಂಡರೆ 32 ಮಿಲಿಗ್ರಾಂ ಆಯಿತು. ಅಷ್ಟು ಆಮ್ಲಜನಕ ತುಕ್ಕಾಗಿಸಬಲ್ಲ ಕಬ್ಬಿಣ ಸುಮಾರು 75 ಮಿಲಿಗ್ರಾಂ, ಅಂದರೆ ಒಂದು ಗ್ರಾಮಿನ ಹತ್ತನೇ ಒಂದು ಭಾಗವೂ ಇಲ್ಲ. ಮುಚ್ಚಳ ಭದ್ರವಾಗಿರುವ, ಸೋರಿಕೆ ಇಲ್ಲದ ಎಂಜಿನ್ನಿನಲ್ಲಿ ಒಮ್ಮೆ ತುಂಬಿದ ನೀರು ಪೈಪನ್ನು ತೂತು ಮಾಡುವ ಮಾತೇ ಇಲ್ಲ.

ಹಾಗಿದ್ದೂ ಪೈಪು ತೂತಾಗಿದೆ ಎಂದರೆ ಹೊಸ ಆಮ್ಲಜನಕ ಮತ್ತೆ ಮತ್ತೆ ಒಳಗೆ ಬಂದಿದೆ ಎಂದೇ ಅರ್ಥ. ಪ್ರತಿ ಬಾರಿ ರೇಡಿಯೇಟರಿಗೆ ಒಂದು ಬಾಟಲಿ ನೀರು ಸುರಿದಾಗಲೂ ಹೊಸ ಗಾಳಿ, ಹೊಸ ಲವಣ ಒಳಗಿಳಿಯುತ್ತವೆ. ಪೈಪು ಸೋರುತ್ತದೆ, ನೀರು ತುಂಬಿಸುತ್ತೇವೆ, ಆ ನೀರಿನ ಆಮ್ಲಜನಕ ಪೈಪನ್ನು ಇನ್ನಷ್ಟು ತಿನ್ನುತ್ತದೆ, ಸೋರಿಕೆ ಇನ್ನಷ್ಟು ಹೆಚ್ಚುತ್ತದೆ. ಮಟ್ಟ ಇಳಿದು ನೀರಿನ ಮೇಲೆ ಗಾಳಿ ನಿಂತರಂತೂ ಪಂಪು ಅದನ್ನು ನೀರಿನೊಳಕ್ಕೆ ಕಡೆದು ಕಡೆದು ಬೆರೆಸುತ್ತದೆ. ತುಕ್ಕು ಹಿಡಿದ ಪೈಪನ್ನು ಬದಲಿಸುವುದರ ಜೊತೆಗೆ ಗಾಳಿ ಎಲ್ಲಿಂದ ಬಂತು ಎಂದು ಹುಡುಕದಿದ್ದರೆ ಹೊಸ ಪೈಪಿಗೂ ಅದೇ ಗತಿ.

ಕ್ಲಿಪ್ಪಿನ ಕೆಳಗೇ ಏಕೆ ತೂತು?

ಇಂಥ ಪೈಪುಗಳನ್ನು ಗಮನಿಸಿ. ನಡುವೆ ಗಟ್ಟಿಯಾಗಿರುತ್ತವೆ, ರಬ್ಬರ್ ಹೋಸು ಕೂರುವ ತುದಿಯಲ್ಲಿ ಮಾತ್ರ ಗುಳಿಬಿದ್ದು ತೂತಾಗಿರುತ್ತವೆ. ಹೋಸಿನ ಕೆಳಗೆ ಗಾಳಿ ತಾಗುವುದು ಕಡಿಮೆ. ಹಾಗಿರುವಾಗ ಅಲ್ಲೇ ಹೆಚ್ಚು ತುಕ್ಕು ಹಿಡಿಯುವುದು ವಿಚಿತ್ರವಲ್ಲವೇ?

ಇದಕ್ಕೆ ಉತ್ತರ ಕಳೆದ ಶತಮಾನದ 20ರ ದಶಕದಲ್ಲಿ ಕೇಂಬ್ರಿಜ್‌ನಲ್ಲಿ ಸಿಕ್ಕಿತು. ಲೋಹಗಳ ಸವೆತವನ್ನು ಜೀವನವಿಡೀ ಅಭ್ಯಾಸ ಮಾಡಿದ ಉಲಿಕ್ ಇವಾನ್ಸ್ (1889–1980) ಉಜ್ಜಿ ಹೊಳಪಿಸಿದ ಕಬ್ಬಿಣದ ತಗಡಿನ ಮೇಲೆ ಒಂದು ಹನಿ ಉಪ್ಪುನೀರಿಟ್ಟು ನೋಡಿದರು. ಕಬ್ಬಿಣ ಕರಗುವ ಕಡೆ ನೀಲಿಯಾಗುವ, ಆಮ್ಲಜನಕ ಎಲೆಕ್ಟ್ರಾನು ಸ್ವೀಕರಿಸುವ ಕಡೆ ಗುಲಾಬಿಯಾಗುವ ಸೂಚಕಗಳನ್ನು ಆ ನೀರಿಗೆ ಬೆರೆಸಿದರೆ, ಸ್ವಲ್ಪ ಹೊತ್ತಿನಲ್ಲೇ ಹನಿಯ ಅಂಚು ಗುಲಾಬಿಯಾಗಿ, ನಡುಭಾಗ ನೀಲಿಯಾಗುತ್ತದೆ. ಎರಡರ ನಡುವೆ ಕಂದು ತುಕ್ಕಿನ ಉಂಗುರ ಮೂಡುತ್ತದೆ. ಅಂಚಿನಲ್ಲಿ ನೀರಿನ ಪದರ ತೆಳು, ಗಾಳಿ ಸುಲಭವಾಗಿ ಸಿಗುತ್ತದೆ. ನಡುವೆ ಗಾಳಿ ಕಡಿಮೆ. ಲೋಹ ಕರಗುವುದು ಮಾತ್ರ ಗಾಳಿ ಕಡಿಮೆ ಇರುವ ನಡುವಿನಲ್ಲೇ. ಆಮ್ಲಜನಕ ಒಂದು ಕಡೆ ಇದ್ದು, ಅದರ ಬೆಲೆ ತೆರುವ ಕಬ್ಬಿಣ ಇನ್ನೊಂದು ಕಡೆ ಇರುತ್ತದೆ.

ಹೋಸಿನ ಕೆಳಗಿನ ಕಿರಿದಾದ ಸಂದಿಯಲ್ಲಿ ನಡೆಯುವುದೂ ಇದೇ. ಅಲ್ಲಿ ಸಿಕ್ಕಿಕೊಂಡ ನೀರು ಹರಿಯದೆ ನಿಂತು ಆಮ್ಲಜನಕ ಕಳೆದುಕೊಳ್ಳುತ್ತದೆ. ಹೊರಗೆ ಹರಿಯುವ ನೀರಿನಲ್ಲಿ ಆಮ್ಲಜನಕ ಇದ್ದೇ ಇರುತ್ತದೆ. ಸಂದಿಯ ಕಬ್ಬಿಣ ಕರಗತೊಡಗುತ್ತದೆ. ಬೋರ್‌ವೆಲ್ ನೀರಿನ ಕ್ಲೋರೈಡು ಆ ಸಂದಿಯಲ್ಲಿ ಸೇರಿಕೊಂಡು ನೀರನ್ನು ಆಮ್ಲೀಯವಾಗಿಸಿ ಗುಳಿಯನ್ನು ಆಳ ಮಾಡುತ್ತದೆ. ತುಕ್ಕಾದ ಕಬ್ಬಿಣ ಮೊದಲಿದ್ದ ಜಾಗದ ಎರಡರಿಂದ ಆರು ಪಟ್ಟು ಜಾಗ ಬೇಡುವುದರಿಂದ ನೆನೆದ ಅವಲಕ್ಕಿಯಂತೆ ಊದಿಕೊಂಡು ರಬ್ಬರನ್ನು ಮೇಲಕ್ಕೆತ್ತುತ್ತದೆ. ಕ್ಲಿಪ್ಪನ್ನು ಎಷ್ಟು ಬಿಗಿ ಮಾಡಿದರೂ ನೀರು ಜಿನುಗುವುದು ಇದರಿಂದಲೇ.

ಬಣ್ಣ ನೋಡಿ ಕಾರಣ ಹಿಡಿಯುವುದು

ಪೈಪನ್ನು ತೊಳೆಯುವ ಮೊದಲು ಒಳಗೆ ಟಾರ್ಚು ಬಿಟ್ಟು ನೋಡಿ. ಇಟ್ಟಿಗೆ ಬಣ್ಣದ ಸಡಿಲ ತುಕ್ಕು ಕಂಡರೆ ಗಾಳಿ ಧಾರಾಳವಾಗಿ ಒಳಬಂದಿದೆ. ರೇಡಿಯೇಟರ್ ಮುಚ್ಚಳದ ರಬ್ಬರು, ಪಂಪಿನ ಸೀಲು, ಹೋಸುಗಳನ್ನು ಪರೀಕ್ಷಿಸಬೇಕು. ಪಂಪಿಗೆ ನೀರು ತರುವ ಪೈಪು ಹೀರುವ ಬದಿಯಲ್ಲಿರುವುದರಿಂದ, ಎಂಜಿನ್ ತಣ್ಣಗಿದ್ದು ಒತ್ತಡ ಏರುವ ಮೊದಲು ಅಲ್ಲಿನ ಸಣ್ಣ ತೂತಿನಿಂದ ನೀರು ತೊಟ್ಟಿಕ್ಕದೆಯೇ ಗಾಳಿ ಒಳಸೇರಬಹುದು. ಹೆಡ್ ಗ್ಯಾಸ್ಕೆಟ್ ಹೋಗಿದ್ದರೆ ಸಿಲಿಂಡರಿನ ಅನಿಲವೇ ನೀರಿಗೆ ನುಗ್ಗಿ ಅದನ್ನು ಆಮ್ಲೀಯವಾಗಿಸುತ್ತದೆ.

ಗಟ್ಟಿಯಾಗಿ ಅಂಟಿಕೊಂಡ ಕಪ್ಪು ಪದರ ಕಂಡರೆ ಅದು ಮ್ಯಾಗ್ನಟೈಟ್, ಆಮ್ಲಜನಕ ಕಡಿಮೆ ಇದ್ದಾಗ ಹುಟ್ಟುವ ಆಕ್ಸೈಡು. ತೆಳುವಾಗಿದ್ದರೆ ಅದರಿಂದ ಹೆಚ್ಚು ಹಾನಿಯಿಲ್ಲ. ಬಿಳಿಯ ಚಕ್ಕೆ ಇದ್ದರೆ ಗಡಸು ನೀರಿನ ಸುಣ್ಣ, ಇಲ್ಲವೇ ಹೆಡ್ಡಿನಿಂದ ಕರಗಿ ಬಂದ ಅಲ್ಯೂಮಿನಿಯಂ. ಕೈಗೆ ಜಿಡ್ಡಾಗುವ ಕಂದು ಕೆಸರಾದರೆ ಎಣ್ಣೆ ನೀರಿಗೆ ಬೆರೆತಿದೆ. ಈ ನಾಲ್ಕರಲ್ಲಿ ಯಾವುದು ಎಂಬುದನ್ನು ಗುರುತಿಸಿಕೊಂಡು ಆಮೇಲೆ ಪೈಪಿಗೆ ಕೈ ಹಾಕಬೇಕು.

ಬಿಚ್ಚುವುದು, ತೊಳೆಯುವುದು, ತೀರ್ಮಾನಿಸುವುದು

ತುಕ್ಕು ಹಿಡಿದ ಪೈಪು ಬಿಚ್ಚುವುದರಲ್ಲಿ ಅವಸರ ಸಲ್ಲ. ಅಲ್ಯೂಮಿನಿಯಮ್ಮಿಗೆ ಕಚ್ಚಿಕೊಂಡ ಸಣ್ಣ ಬೋಲ್ಟು ಉದ್ದನೆಯ ಸ್ಪ್ಯಾನರಿನ ಒಂದೇ ಏಟಿಗೆ ಮುರಿದು ಒಳಗೇ ಉಳಿಯುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟು, ಮರುದಿನ ಬೋಲ್ಟಿನ ಸುತ್ತ ಬಿಸಿ ಮಾಡಿ, ಸ್ವಲ್ಪ ಬಿಗಿದು, ಸ್ವಲ್ಪ ಸಡಿಲಿಸಿ, ಹೀಗೆ ಹಿಂದೆಮುಂದೆ ಆಡಿಸುತ್ತ ತೆಗೆಯಬೇಕು. ಉಕ್ಕಿಗಿಂತ ಅಲ್ಯೂಮಿನಿಯಂ ಕಾವಿಗೆ ಸುಮಾರು ಎರಡು ಪಟ್ಟು ಹಿಗ್ಗುವುದರಿಂದ ಹಿಡಿತ ಸಡಿಲಾಗುತ್ತದೆ. ಎಣ್ಣೆ ಬಿಟ್ಟ ಜಾಗಕ್ಕೆ ಬೆಂಕಿ ತೋರಿಸುವ ಮುನ್ನ ಅದನ್ನು ಚೆನ್ನಾಗಿ ಒರೆಸಿ. ಅಂಟಿಕೊಂಡ ಹೋಸನ್ನು ಎಳೆಯಬೇಡಿ, ಬ್ಲೇಡಿನಿಂದ ಉದ್ದಕ್ಕೆ ಸೀಳಿ. ಓ-ರಿಂಗಿನ ಮೇಲೆ ಕೂರುವ ಪೈಪನ್ನು ಮೀಟಿ ತೆಗೆದರೆ ಬ್ಲಾಕಿನ ಬಾಯಿಗೆ ಗೀರು ಬೀಳುತ್ತದೆ, ತಿರುಗಿಸುತ್ತಲೇ ಹೊರಗೆಳೆಯಬೇಕು.

ಹೊರಬಂದ ಪೈಪನ್ನು ಚೂಪಾದ ಸ್ಕ್ರೈಬರಿನಿಂದ ಇಂಚಿಂಚೂ ಒತ್ತಿ ನೋಡಿ. ಎಲ್ಲಾದರೂ ಒಳಗಿಳಿದರೆ ಆ ಪೈಪಿನ ಕಥೆ ಮುಗಿಯಿತು. ಹೋಸು ಜಾರದಂತೆ ಹಿಡಿಯಲು ತುದಿಯಲ್ಲಿರುವ ಉಬ್ಬು ಅಂಚು ಸವೆದಿದ್ದರೂ ಅಷ್ಟೇ. ಗಟ್ಟಿಯಾಗಿದ್ದು ಮೇಲ್ಮೈ ಮಾತ್ರ ಕೆಟ್ಟಿದ್ದರೆ ವಿದ್ಯುತ್ತಿನಿಂದ ತುಕ್ಕು ತೆಗೆಯಬಹುದು. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ವಾಷಿಂಗ್ ಸೋಡಾ ಕರಗಿಸಿದ ನೀರು, 12 ವೋಲ್ಟಿನ ಬ್ಯಾಟರಿ ಚಾರ್ಜರು, ಒಂದು ಬೇಡದ ಕಬ್ಬಿಣದ ತುಂಡು ಇದ್ದರೆ ಸಾಕು. ಚಾರ್ಜರಿನ ಋಣ ತುದಿ ಪೈಪಿಗೆ, ಧನ ತುದಿ ಕಬ್ಬಿಣದ ತುಂಡಿಗೆ. ಎರಡೂ ಒಂದಕ್ಕೊಂದು ತಾಗಬಾರದು. ಪೈಪಿನ ಮೈಯಿಂದ ಗುಳ್ಳೆಗಳೆದ್ದು ತುಕ್ಕು ಸಡಿಲಾಗುತ್ತದೆ, ಒಳ್ಳೆಯ ಲೋಹಕ್ಕೆ ಏನೂ ಆಗುವುದಿಲ್ಲ. ಆ ಗುಳ್ಳೆ ಜಲಜನಕ, ಬೆಂಕಿ ಹತ್ತುವಂಥದ್ದು, ಆದ್ದರಿಂದ ಬಯಲಿನಲ್ಲೇ ಮಾಡಬೇಕು. ಧನ ತುದಿಗೆ ಸ್ಟೇನ್‌ಲೆಸ್ ಸ್ಟೀಲ್ ಕಟ್ಟಬಾರದು, ಅದರಿಂದ ವಿಷಕಾರಿ ಕ್ರೋಮಿಯಂ ನೀರಿಗಿಳಿಯುತ್ತದೆ. ಸೋಡಾ ನೀರು ಅಲ್ಯೂಮಿನಿಯಮ್ಮನ್ನು ತಿನ್ನುವುದರಿಂದ ಹೆಡ್ಡನ್ನು ಈ ಬಕೆಟ್ಟಿನ ಹತ್ತಿರವೂ ತರಬೇಡಿ.

ಪೈಪಿಗೆ ಹಿಡಿದ ತುಕ್ಕು ಬ್ಲಾಕಿಗೂ ಹಿಡಿದಿರುತ್ತದೆ. ಪಂಪಿನಿಂದ ದೂರದ ಸಿಲಿಂಡರಿನ ಸುತ್ತ ಹರಿವು ನಿಧಾನ, ಕೆಸರು ಅಲ್ಲೇ ಕೂರುತ್ತದೆ. ಬ್ಲಾಕಿನ ಪಕ್ಕದ ಬಟ್ಟಲಿನಾಕಾರದ ತಗಡು ಪ್ಲಗ್ಗುಗಳನ್ನು ತೆಗೆದು, ತಂತಿಯಿಂದ ಕೆದಕಿ, ನೀರು ತಿಳಿಯಾಗಿ ಬರುವವರೆಗೆ ತೊಳೆಸಬೇಕು. ಬೋರಿಂಗಿಗೆ ಕಳಿಸುವ ಮುಂಚೆಯೇ ಈ ಕೆಲಸ ಮುಗಿಯಬೇಕು. ಆ ಪ್ಲಗ್ಗುಗಳೂ ತೆಳು ಉಕ್ಕಿನವೇ, ಹೊಸದನ್ನೇ ಹಾಕಿಸಿ.

ಹೊಸ ಪೈಪು ಯಾವುದು?

ಬೇರೆ ಲೋಹದ ಪೈಪು ಹಾಕಿಸುವ ಆಸೆ ಹಲವರಿಗೆ ಬರುತ್ತದೆ. ತಾಮ್ರ ತುಕ್ಕು ಹಿಡಿಯುವುದಿಲ್ಲ ನಿಜ, ಆದರೆ ಅದರಿಂದ ಕರಗಿ ಬಂದ ಅಯಾನುಗಳು ಅಲ್ಯೂಮಿನಿಯಂ ಹೆಡ್ಡಿನ ಮೇಲೆ ಕೂತು ಅಲ್ಲಿ ಗುಳಿ ತೋಡುತ್ತವೆ. ಮನೆಯ ನಲ್ಲಿಗೆ ಬಳಸುವ ಜಿಐ ಪೈಪಿನ ಸತುವು ಕೂಲಂಟಿನ ಜೊತೆ ವರ್ತಿಸಿ ಕೆಸರಾಗುತ್ತದೆ. ಕಂಪನಿಯ ಮೂಲ ಪೈಪು, ಇಲ್ಲವೇ ತುದಿಯ ಉಬ್ಬು ಅಂಚು ಸರಿಯಾಗಿ ಮೂಡಿಸಿದ ಸ್ಟೇನ್‌ಲೆಸ್ ಸ್ಟೀಲ್ ಪೈಪು, ಇವೆರಡೇ ಒಳ್ಳೆಯ ದಾರಿ.

ಪೈಪು ಕೆಟ್ಟರೆ ಎಂಜಿನ್ನಿಗೆ ಏನಾಗುತ್ತದೆ ಎಂಬುದಕ್ಕೆ 1995ರಲ್ಲಿ ಬ್ರಿಟನ್ನಿನಲ್ಲಿ ಬಿಡುಗಡೆಯಾದ ಎಂಜಿ-ಎಫ್ ಕಾರು ಸಾಕ್ಷಿ. ಅದರ ಎಂಜಿನ್ನು ಸೀಟಿನ ಹಿಂದೆ, ರೇಡಿಯೇಟರು ಮೂತಿಯಲ್ಲಿ. ನಡುವೆ ಕಾರಿನ ಹೊಟ್ಟೆಯಡಿ ಉದ್ದನೆಯ ಉಕ್ಕಿನ ಪೈಪುಗಳು. ಚಳಿಗಾಲದಲ್ಲಿ ರಸ್ತೆಗೆ ಚೆಲ್ಲುವ ಉಪ್ಪು ಅವನ್ನು ಹೊರಗಿನಿಂದ ತಿಂದಿತು. ಕಡಿಮೆ ನೀರು ಹಿಡಿಯುವ ಆ ಎಂಜಿನ್ನಿಗೆ ಸ್ವಲ್ಪ ಸೋರಿದರೂ ತಡೆಯುವ ಶಕ್ತಿಯಿರಲಿಲ್ಲ, ಹೆಡ್ ಗ್ಯಾಸ್ಕೆಟ್ ಹೋಗುತ್ತಿತ್ತು. ಆ ಕಾರನ್ನು ಉಳಿಸಿಕೊಂಡ ಅನೇಕರು ಈಗ ಸ್ಟೇನ್‌ಲೆಸ್ ಪೈಪು ಹಾಕಿಸಿದ್ದಾರೆ.

ಹೊಸ ಓ-ರಿಂಗ್ ಕೂರಿಸುವಾಗ ಗ್ರೀಸು ಹಚ್ಚಬೇಡಿ. ನೀರಿನ ಪೈಪಿಗೆ ಬಳಸುವ ಇಪಿಡಿಎಂ ರಬ್ಬರು ಪೆಟ್ರೋಲಿಯಂ ಎಣ್ಣೆಗೆ ಊದಿ ಮೆತ್ತಗಾಗುತ್ತದೆ. ಕೂಲಂಟನ್ನೇ ಸವರಿದರೆ ಸಾಕು. ಎಲ್ಲ ಜೋಡಿಸಿದ ಮೇಲೆ ರೇಡಿಯೇಟರ್ ಬಾಯಿಗೆ ಕೈಪಂಪು ಕೂರಿಸಿ, ಮುಚ್ಚಳದ ಮೇಲೆ ಬರೆದಿರುವಷ್ಟು ಒತ್ತಡ ಕೊಟ್ಟು ಕಾಲು ಗಂಟೆ ಬಿಟ್ಟು ನೋಡಿ. ಪಂಪಿನ ಮಾಪಕದ ಮುಳ್ಳು ಇಳಿಯಬಾರದು.

ದಾರಿಯಲ್ಲಿ ಗಾಡಿ ನಿಂತಾಗ ರೇಡಿಯೇಟರಿಗೆ ಅರಿಶಿನ ಪುಡಿ ಹಾಕುವ ಚಾಲಕರು ನಮ್ಮಲ್ಲಿದ್ದಾರೆ. ಪುಡಿ ನೀರಿನಲ್ಲಿ ಊದಿ ಸಣ್ಣ ತೂತಿನಲ್ಲಿ ಸಿಕ್ಕಿಕೊಳ್ಳುವುದರಿಂದ ಊರು ಮುಟ್ಟುವಷ್ಟು ಕೆಲಸ ಆಗುತ್ತದೆ. ಅದೇ ಪುಡಿ ರೇಡಿಯೇಟರಿನ ಕಿರಿದಾದ ಕೊಳವೆಗಳಲ್ಲೂ ಸಿಕ್ಕಿಕೊಳ್ಳುತ್ತದೆ. ಹೊಸ ಎಂಜಿನ್ನಿಗೆ ಇದು ಬೇಡ.

ಹಿಮ ಬೀಳದ ಊರಿಗೆ ಕೂಲಂಟ್ ಏಕೆ?

ಕರ್ನಾಟಕದಲ್ಲಿ ನೀರು ಹೆಪ್ಪುಗಟ್ಟುವ ಚಳಿ ಇಲ್ಲ, ಕೂಲಂಟಿಗೆ ದುಡ್ಡು ದಂಡ ಎಂಬ ನಂಬಿಕೆ ಬಹಳ ಎಂಜಿನ್ನುಗಳನ್ನು ಕೆಡಿಸಿದೆ. ಡಬ್ಬಿಯಲ್ಲಿರುವ ಎಥಿಲೀನ್ ಗ್ಲೈಕಾಲ್ ಹೆಪ್ಪುಗಟ್ಟುವುದನ್ನು ತಡೆಯುತ್ತದೆ, ಕುದಿಯುವ ಬಿಂದುವನ್ನೂ ಏರಿಸುತ್ತದೆ. ನಮಗೆ ಹೆಚ್ಚು ಬೇಕಾದದ್ದು ಅದರ ಜೊತೆ ಬೆರೆಸಿರುವ ತುಕ್ಕುನಿರೋಧಕಗಳು. ಇವು ಲೋಹದ ಮೇಲೆ ತೆಳುವಾದ ಪದರ ಕಟ್ಟಿ, ಹುಟ್ಟುವ ಆಮ್ಲವನ್ನು ಅಡಗಿಸುತ್ತವೆ. ಸಿಲಿಕೇಟ್, ಫಾಸ್ಫೇಟ್ ಇರುವ ಹಳೆಯ ಬಗೆಯವು ಎರಡು ವರ್ಷದಲ್ಲಿ ದಣಿಯುತ್ತವೆ. ಸಾವಯವ ಆಮ್ಲದ ಬಗೆಯವು ಸುಮಾರು ಐದು ವರ್ಷ ಬಾಳುತ್ತವೆ. ಬಣ್ಣ ನೋಡಿ ಬಗೆ ಹೇಳಲಾಗದು, ಡಬ್ಬಿಯ ಮೇಲಿನ ಬರಹವನ್ನೇ ಓದಬೇಕು.

ಕೂಲಂಟನ್ನು ಹೆಸರಿಗೆ ಮಾತ್ರ ಒಂದಿಷ್ಟು ಸುರಿಯುವುದೂ ಅಪಾಯವೇ. ನಿರೋಧಕ ಸಾಲದಾದಾಗ ಲೋಹದ ಬಹುಪಾಲು ಮುಚ್ಚಿ ಅಲ್ಲಲ್ಲಿ ಮಾತ್ರ ಬಯಲಾಗಿ ಉಳಿಯುತ್ತದೆ. ಆಗ ತುಕ್ಕಿನ ದಾಳಿಯೆಲ್ಲ ಆ ಚುಕ್ಕೆಗಳ ಮೇಲೇ ಬಿದ್ದು ಪೈಪು ಬೇಗ ತೂತಾಗುತ್ತದೆ. ಮೂರನೇ ಒಂದರಿಂದ ಅರ್ಧ ಪಾಲು ಕೂಲಂಟ್, ಉಳಿದದ್ದು ಡಿಸ್ಟಿಲ್ಡ್ ವಾಟರ್. ನೀರು ಕಡಿಮೆಯಾದರೂ ಇದೇ ಮಿಶ್ರಣ ತುಂಬಬೇಕು. ಗ್ಲೈಕಾಲ್ ಸಿಹಿ, ಆದರೆ ವಿಷ. ಹಳೆಯದನ್ನು ಮೋರಿಗೆ ಚೆಲ್ಲಿದರೆ ನಾಯಿ, ದನ ನೆಕ್ಕಿ ಸಾಯುತ್ತವೆ. ಬಿಗಿಮುಚ್ಚಳದ ಕ್ಯಾನಿನಲ್ಲಿ ಹಿಡಿದು ವಿಲೇವಾರಿಗೆ ಕೊಡಿ.

ನಿಮ್ಮ ಗಾಡಿ ಎಂಜಿನ್ ಕೆಲಸಕ್ಕೆ ಹೋದಾಗ ಬಿಲ್ಲಿನಲ್ಲಿ ಪಿಸ್ಟನ್ನಿನ ಬೆಲೆ ನೋಡುವ ಮುಂಚೆ ಮೆಕ್ಯಾನಿಕ್ಕನ್ನು ಮೂರು ಮಾತು ಕೇಳಿ: ಹಳೆಯ ನೀರಿನ ಪೈಪು ತೋರಿಸಿ, ಗಾಳಿ ಎಲ್ಲಿಂದ ಹೊಕ್ಕಿತ್ತು ಹೇಳಿ, ಹೊಸದರಲ್ಲಿ ಯಾವ ಕೂಲಂಟ್ ಎಷ್ಟು ಪಾಲು ಹಾಕಿದ್ದೀರಿ? ಒಳ್ಳೆಯ ಮೆಕ್ಯಾನಿಕ್ಕಿಗೆ ಈ ಪ್ರಶ್ನೆಗಳು ಖುಷಿ ಕೊಡುತ್ತವೆ. ಉತ್ತರ ಸರಿಯಿದ್ದರೆ, ರೇಡಿಯೇಟರ್ ಮುಚ್ಚಳ ತೆಗೆದು ನೀರು ಸುರಿಯುವ ಕೆಲಸ ನಿಮಗೆ ವರ್ಷಗಟ್ಟಲೆ ಬರುವುದಿಲ್ಲ.